ಕಾಗದದ ಮೇಲಿನ ನಾಲ್ಕು ಗಂಟೆ

2025ರಲ್ಲಿ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿನೊಳಗೆ ಸೇರಿಸಿದಾಗ ಅನೇಕರು ಮನಸಾರೆ ಮರುಗಿ ಬರೆದರು. ಇನ್‌ಲ್ಯಾಂಡ್ ಪತ್ರ, ಖಾಕಿ ಅಂಗಿ, ಕೆಂಪು ಡಬ್ಬಿ ಎಲ್ಲವೂ ಮತ್ತೊಮ್ಮೆ ನೆನಪಾದವು. ಮರುಗಿದ್ದರಲ್ಲಿ ತಪ್ಪೇನಿಲ್ಲ. ಆದರೆ ಮಲೆನಾಡಿನ ಒಂದು ಉಪ ಅಂಚೆ ಕಚೇರಿಯಲ್ಲಿ ಪೋಸ್ಟ್‌ಮಾಸ್ಟರ್ ಆಗಿದ್ದು ನಿವೃತ್ತನಾದ ನನಗೆ, ಇವತ್ತಿಗೂ ಅದೇ ಕಾಡುದಾರಿಯಲ್ಲಿ ಟಪಾಲು ಹಿಡಿದು ಹೋಗುತ್ತಿರುವವರ ಸಂಬಳದ ಬಗ್ಗೆ, ದುಡಿಮೆಯ ಹೊತ್ತಿನ ಬಗ್ಗೆ ಆ ಬರಹಗಳಲ್ಲಿ ಒಂದು ಮಾತೂ ಇಲ್ಲದ್ದೇ ಎದ್ದು ಕಂಡಿತು.

ದೇಶದಲ್ಲಿರುವ ಒಂದೂವರೆ ಲಕ್ಷಕ್ಕೂ ಹೆಚ್ಚು ಅಂಚೆ ಕಚೇರಿಗಳ ಪೈಕಿ ಹತ್ತರಲ್ಲಿ ಒಂಬತ್ತರಷ್ಟು ಹಳ್ಳಿಗಳಲ್ಲಿವೆ. ಅವುಗಳಲ್ಲಿ ಬಹುಪಾಲು ಶಾಖಾ ಅಂಚೆ ಕಚೇರಿಗಳು. ಅವನ್ನು ನಡೆಸುವವರು ಗ್ರಾಮೀಣ ಡಾಕ್ ಸೇವಕರು, ಹಳಬರ ಬಾಯಲ್ಲಿ ಇಂದಿಗೂ ‘ಇ.ಡಿ.’ಗಳು, ಅಂದರೆ ಎಕ್ಸ್‌ಟ್ರಾ ಡಿಪಾರ್ಟ್‌ಮೆಂಟಲ್ ಅಥವಾ ಇಲಾಖೇತರ ನೌಕರರು. ನಿಯಮದ ಪ್ರಕಾರ ಇವರು ಕೇಂದ್ರ ಸರ್ಕಾರದ ನಾಗರಿಕ ಸೇವೆಯ ಹೊರಗಿನವರು, ಸರ್ಕಾರಿ ನೌಕರರಿಗೆ ಸಮಾನರೆಂದು ಹೇಳಿಕೊಳ್ಳುವಂತಿಲ್ಲ, ದಿನಕ್ಕೆ ಐದು ಗಂಟೆಗಿಂತ ಹೆಚ್ಚು ದುಡಿಯಬೇಕಾಗಿಲ್ಲ, ಅರವತ್ತೈದು ತುಂಬಿದ ಮೇಲೆ ಮುಂದುವರಿಯುವಂತಿಲ್ಲ. ಇವೆಲ್ಲಕ್ಕಿಂತ ಮುಖ್ಯವಾಗಿ, ತಮಗೆ ಜೀವನೋಪಾಯಕ್ಕೆ ಬೇರೆ ಆದಾಯವಿದೆಯೆಂದು ಕೆಲಸಕ್ಕೆ ಸೇರುವಾಗಲೇ ಬರೆದುಕೊಡಬೇಕು. ಇಲಾಖೇತರ ಅಂಚೆ ನೌಕರರು ಹೊಂದಿರುವುದು ಕೂಡ ‘ಸಿವಿಲ್ ಹುದ್ದೆ’ಯೇ, ಸಂವಿಧಾನದ 311ನೆಯ ವಿಧಿಯ ರಕ್ಷಣೆ ಅವರಿಗೂ ಉಂಟು ಎಂದು ಸುಪ್ರೀಂ ಕೋರ್ಟ್ 1977ರಲ್ಲೇ ರಾಜಮ್ಮ ಪ್ರಕರಣದಲ್ಲಿ ಹೇಳಿತು. ಆ ತೀರ್ಪಿನಿಂದ ಅವರನ್ನು ವಿಚಾರಣೆಯಿಲ್ಲದೆ ಮನೆಗೆ ಕಳಿಸುವುದು ನಿಂತಿತು. ಆದರೆ ಸಂಬಳ ಮತ್ತು ಪಿಂಚಣಿಯ ಮಟ್ಟಿಗೆ ಅವರು ಹೊರಗಿನವರಾಗಿಯೇ ಉಳಿದರು.

ಈ ವ್ಯವಸ್ಥೆಗೆ ಒಂದು ಕಾಲದಲ್ಲಿ ಅರ್ಥವಿತ್ತೆಂಬುದನ್ನು ನಾನು ಒಪ್ಪುತ್ತೇನೆ. ಊರಿನ ಮೇಷ್ಟರೋ, ಕಿರಾಣಿ ಅಂಗಡಿಯವರೋ, ನಾಲ್ಕು ಎಕರೆ ತೋಟವಿದ್ದ ಮನೆಯವರೋ ಜಗಲಿಯ ಮೂಲೆಯಲ್ಲೊಂದು ಮೇಜು ಹಾಕಿ ಅಂಚೆ ನಡೆಸುತ್ತಿದ್ದರು. ಬಸ್ಸಿನಲ್ಲಿ ಬಂದ ಚೀಲದ ಅರಗಿನ ಸೀಲು ಒಡೆದಿಲ್ಲವೆಂದು ನೋಡಿ ಬಿಚ್ಚುವುದು, ಶಾಖಾ ಕಚೇರಿಗೆಂದು ಬರೆದ ಬಿ.ಓ. ಸ್ಲಿಪ್ಪಿಗೂ ಒಳಗಿನ ಹಣಕ್ಕೂ ತಾಳೆ ನೋಡುವುದು, ಕಾಗದಗಳಿಗೆ ಮುದ್ರೆ ಒತ್ತಿ ಬಟವಾಡೆಗೆ ಕಳಿಸುವುದು, ಸಂಜೆ ದಿನದ ಲೆಕ್ಕ ಬರೆದು ಚೀಲ ಕಟ್ಟುವುದು, ಇಷ್ಟಾದರೆ ಮುಗಿಯುತ್ತಿತ್ತು. ಭತ್ಯೆ ಕಡಿಮೆಯಾದರೂ ಪೋಸ್ಟ್ ಮಾಸ್ಟ್ರು ಎಂಬ ಮರ್ಯಾದೆ ಇತ್ತು, ಊಟಕ್ಕೆ ತೋಟವಿತ್ತು.

ಈಗ ಕಾಗದ ಕಡಿಮೆಯಾಗಿದೆ, ಕೆಲಸ ಕಡಿಮೆಯಾಗಿಲ್ಲ. ಅದೇ ಮೇಜಿನ ಮೇಲೆ ಉಳಿತಾಯ ಖಾತೆ, ಆರ್.ಡಿ., ಸುಕನ್ಯಾ ಸಮೃದ್ಧಿ, ಗ್ರಾಮೀಣ ಅಂಚೆ ವಿಮೆ ಬಂದು ಕೂತಿವೆ; 2018ರ ಸೆಪ್ಟೆಂಬರ್ 1ರಿಂದ ಅಂಚೆಯ ಪೇಮೆಂಟ್ಸ್ ಬ್ಯಾಂಕೂ ಸೇರಿಕೊಂಡಿದೆ. ಆಧಾರ್ ಮೂಲಕ ಹಣ ಕೊಡುವುದು ಕೇಳುವುದಕ್ಕೆ ಎರಡು ನಿಮಿಷದ ಕೆಲಸ. ಅಡಿಕೆ ಸುಲಿಯುವ ಕಾಲದಲ್ಲಿ ಬಂದು ನೋಡಬೇಕು. ಚೊಗರಿನಿಂದ ಕಪ್ಪಿಟ್ಟು, ಕತ್ತಿಗೆ ತಾಗಿ ತಾಗಿ ಸವೆದ ಅಜ್ಜಿಯ ಹೆಬ್ಬೆಟ್ಟನ್ನು ಯಂತ್ರ ಒಪ್ಪುವುದೇ ಇಲ್ಲ. “ಅಜ್ಜಿ, ಬೆರಳು ಒರೆಸ್ಕೊಂಡು ಇನ್ನೊಂದ್ಸಲ ಇಡಿ” ಎಂದು ಹೇಳಿ, ತೋರುಬೆರಳು ಆಗದಿದ್ದರೆ ನಡುಬೆರಳು, ಬಲಗೈ ಆಗದಿದ್ದರೆ ಎಡಗೈ ಎಂದು ಒಂದೊಂದಾಗಿ ಇಡಿಸಿ, ಕೊನೆಗೆ ಯಾವುದೋ ಒಂದು ಬೆರಳು ಒಪ್ಪಿಗೆಯಾಗುವ ಹೊತ್ತಿಗೆ ನೆಟ್‌ವರ್ಕ್ ಹೋಗಿರುತ್ತದೆ. ಸಿಗ್ನಲ್ ಸಿಗುವ ದಿಬ್ಬಕ್ಕೆ ಯಂತ್ರವನ್ನೂ ಅಜ್ಜಿಯನ್ನೂ ಕರೆದುಕೊಂಡು ಹತ್ತಿದ ಎಬಿಪಿಎಂಗಳನ್ನು (ಸಹಾಯಕ ಶಾಖಾ ಪೋಸ್ಟ್‌ಮಾಸ್ಟರ್‌ಗಳನ್ನು) ನಾನು ಬಲ್ಲೆ. ಅಜ್ಜಿಯ ಕೈಗೆ ಬರುವುದು ಒಂದು ತಿಂಗಳ ಪಿಂಚಣಿ. ಅದಕ್ಕೆ ಹಿಡಿದ ಹೊತ್ತು ಯಾವ ಲೆಕ್ಕದಲ್ಲೂ ಬರುವುದಿಲ್ಲ.

ಇದರ ಮೇಲೆ ಗುರಿಗಳು. ಮಾರ್ಚ್ ಬಂತೆಂದರೆ ಮೇಳಗಳು, ಇಷ್ಟು ಖಾತೆ, ಇಷ್ಟು ವಿಮೆ ಎಂಬ ವಾಟ್ಸಾಪ್ ಸಂದೇಶಗಳು. ಮೂವತ್ತು ಮನೆಯ ಊರಿನಲ್ಲಿ ವಿಮೆ ಮಾಡಿಸಬಹುದಾದವರೆಲ್ಲ ಮೊದಲೆರಡು ವರ್ಷದಲ್ಲೇ ಮುಗಿದಿರುತ್ತಾರೆ. ಆಮೇಲೆ ಉಳಿಯುವುದು ಸ್ವಂತ ತಮ್ಮ, ಸ್ವಂತ ಭಾವ, ಕೊನೆಗೆ ಸ್ವಂತ ಜೇಬು.

ಇಷ್ಟೆಲ್ಲಕ್ಕೂ ಕಾಗದದ ಮೇಲೆ ನಾಲ್ಕು ಗಂಟೆ, ಇಲ್ಲವೇ ಐದು ಗಂಟೆ. ಡಾಕ್ ಸೇವಕರ ಭತ್ಯೆಯನ್ನು ಪರಿಶೀಲಿಸಿದ ಕಮಲೇಶ್ ಚಂದ್ರ ಸಮಿತಿಯ ವರದಿ ಜಾರಿಯಾಗಲೆಂದು 2018ರ ಮೇ, ಜೂನ್ ತಿಂಗಳಲ್ಲಿ ದೇಶದ ಶಾಖಾ ಕಚೇರಿಗಳು ಎರಡು ವಾರಕ್ಕೂ ಹೆಚ್ಚು ಕಾಲ ಮುಷ್ಕರ ಹೂಡಿದ ಮೇಲೆ, ಶಾಖಾ ಪೋಸ್ಟ್‌ಮಾಸ್ಟರ್‌ಗೆ 12,000 ಅಥವಾ 14,500, ಎಬಿಪಿಎಂ ಮತ್ತು ಉಳಿದ ಡಾಕ್ ಸೇವಕರಿಗೆ 10,000 ಅಥವಾ 12,000 ರೂಪಾಯಿ, ಗಂಟೆಗೆ ತಕ್ಕಂತೆ, ಆರಂಭದ ಮೂಲ ಭತ್ಯೆ ಎಂದಾಯಿತು. ಮೇಲೆ ತುಟ್ಟಿಭತ್ಯೆ ಉಂಟು. ಪಟ್ಟಣದಲ್ಲಿ ಇದೇ ಬಟವಾಡೆ ಮಾಡುವ ಇಲಾಖೆಯ ಪೋಸ್ಟ್‌ಮ್ಯಾನ್‌ನ ಮೂಲ ವೇತನ 21,700ರಿಂದ ಶುರುವಾಗುತ್ತದೆ; ಅವನಿಗೆ ಡಾಂಬರು ರಸ್ತೆಯೂ ಇರುತ್ತದೆ.

ಒಂದು ಮಾತನ್ನು ಮುಚ್ಚಿಡಬಾರದು. ಪಾಸ್‌ಬುಕ್ ಇಟ್ಟುಕೊಂಡು, ಆರ್.ಡಿ. ಕಂತನ್ನು ಲೆಕ್ಕಕ್ಕೆ ತೋರಿಸದೆ ಬಳಸಿಕೊಂಡು ‘ಪುಟ್ ಆಫ್’ ಆದವರೂ, ಅಂದರೆ ಕೆಲಸದಿಂದ ದೂರವಿಡಲ್ಪಟ್ಟವರೂ, ಈ ವರ್ಗದಲ್ಲಿದ್ದಾರೆ. ಬಡವರ ದುಡ್ಡು ತಿಂದವರಿಗೆ ಶಿಕ್ಷೆಯಾಗಲೇಬೇಕು. ಆದರೆ ಅಂಥ ಕೆಲವರನ್ನು ಮುಂದೆ ಮಾಡಿ, ಬೀಗವೂ ಭದ್ರವಿಲ್ಲದ ಕೋಣೆಯಲ್ಲಿ ಊರಿನ ಹಣವನ್ನು ಕಾಪಾಡಿಕೊಂಡು ಬಂದ ಉಳಿದವರ ಬಾಯಿ ಮುಚ್ಚಿಸುವುದು ನ್ಯಾಯವಲ್ಲ.

ಈಚಿನ ವರ್ಷಗಳಲ್ಲಿ ಇನ್ನೊಂದು ಬದಲಾವಣೆಯಾಗಿದೆ. ಹತ್ತನೆಯ ತರಗತಿಯ ಅಂಕಗಳ ಮೇಲೆ ಆನ್‌ಲೈನ್ ಆಯ್ಕೆ ಬಂದ ಮೇಲೆ ಶಿಫಾರಸಿನ ಹಾವಳಿ ತಗ್ಗಿದೆ, ಅದು ಒಳ್ಳೆಯದೇ. ಜೊತೆಗೆ ಪದವಿ ಮುಗಿಸಿದ ಹುಡುಗಿಯೊಬ್ಬಳು ಬಯಲುಸೀಮೆಯ ಯಾವುದೋ ಜಿಲ್ಲೆಯಿಂದ, ಮಳೆಗಾಲದಲ್ಲಿ ಉಂಬಳ (ಜಿಗಣೆ) ಹತ್ತುವ ನಮ್ಮ ಕಡೆಯ ಊರಿಗೆ ಶಾಖಾ ಪೋಸ್ಟ್‌ಮಾಸ್ಟರ್ ಆಗಿ ಬರುತ್ತಾಳೆ. ನಿಯಮದಂತೆ ಅವಳು ಅಲ್ಲಿಯೇ ವಾಸಿಸಬೇಕು, ಕಚೇರಿಗೆ ಜಾಗವನ್ನೂ ಅವಳೇ ಹೊಂದಿಸಬೇಕು. ಬಾಡಿಗೆ ಕೋಣೆಯ ಮುಂಭಾಗದಲ್ಲಿ ಅಂಚೆ, ಹಿಂಭಾಗದಲ್ಲಿ ಅಡುಗೆ. ಗುರುತು ಪರಿಚಯವಿಲ್ಲದ ಆ ಊರಿನಲ್ಲಿ ಅವಳು ಬರೆದುಕೊಟ್ಟ ಆ ‘ಬೇರೆ ಆದಾಯ’ ಎಲ್ಲಿಂದ ಬರಬೇಕು? ಅಂಥ ಮಕ್ಕಳಲ್ಲಿ ಹಲವರು ಬೇರೊಂದು ಪರೀಕ್ಷೆ ಪಾಸಾದ ದಿನವೇ ಚೀಲ ಒಪ್ಪಿಸಿ ಹೋಗುತ್ತಾರೆ. ಊರವರು ಮತ್ತೆ ಹೊಸಬರ ಮುಖ ಪರಿಚಯ ಮಾಡಿಕೊಳ್ಳಬೇಕು.

ಎಲ್ಲರನ್ನೂ ಒಂದೇ ದಿನ ಕಾಯಂ ಮಾಡಿ ಎಂದು ನಾನು ಹೇಳುತ್ತಿಲ್ಲ. ಅದರ ಖರ್ಚು ಎಷ್ಟೆಂಬ ಅಂದಾಜು ನನಗಿದೆ. ನಿಜವಾಗಿ ಎಷ್ಟು ಹೊತ್ತಿನ ಕೆಲಸವಿದೆ ಎಂಬುದನ್ನಾದರೂ ಪ್ರಾಮಾಣಿಕವಾಗಿ ಅಳೆಯಬಹುದು. ಪ್ರತಿಯೊಂದು ಜಮೆ, ಪ್ರತಿಯೊಂದು ಬಟವಾಡೆ ಯಾವ ಹೊತ್ತಿಗೆ ಆಯಿತೆಂದು ಈಗ ಯಂತ್ರವೇ ದಾಖಲಿಸುತ್ತದೆ. ಬೆಳಗಿನ ಮೊದಲ ದಾಖಲೆಗೂ ಸಂಜೆಯ ಕೊನೆಯ ದಾಖಲೆಗೂ ನಡುವಿನ ಅಂತರ ನೋಡಿದರೆ ಅರ್ಧ ವಾದ ಅಲ್ಲೇ ಮುಗಿಯುತ್ತದೆ. ನಡೆದ ದೂರವನ್ನು ಅದಕ್ಕೆ ಬೇರೆಯಾಗಿ ಸೇರಿಸಬೇಕಾಗುತ್ತದೆ. ಅಷ್ಟು ಮಾಡುವುದು ತಡವಾದರೂ, ಬೇರೆ ಆದಾಯವಿದೆಯೆಂದು ಬರೆಸಿಕೊಳ್ಳುವ ಆ ಮುಚ್ಚಳಿಕೆಯನ್ನು ಮುಂದಿನ ನೇಮಕಾತಿಯಿಂದಲೇ ಕೈಬಿಡಬಹುದು, ಅದಕ್ಕೆ ಒಂದು ರೂಪಾಯಿಯೂ ಖರ್ಚಾಗುವುದಿಲ್ಲ.