ಜಾರುವುದಕ್ಕೂ ಫೀಸು

ಮಲೆನಾಡಿನಲ್ಲಿ ಮಗು ನಡೆಯಲು ಕಲಿತ ದಿನದಿಂದ ಅದರ ಕಿವಿಗೆ ಬೀಳುವ ಮಾತು ಒಂದೇ: "ನಿಧಾನ, ಜಾರುತ್ತೆ." ಮೃಗಶಿರ ಮಳೆ ಹಿಡಿಯಿತೆಂದರೆ ಅಂಗಳಕ್ಕೆ ಪಾಚಿ, ಬಾವಿಕಟ್ಟೆಗೆ ಪಾಚಿ, ಬಚ್ಚಲ ಹಿಂದಿನ ಕಲ್ಲಿಗೂ ಪಾಚಿ. ಹಳ್ಳಿಮನೆಗಳಲ್ಲಿ ಅಂಗಳದುದ್ದಕ್ಕೂ ಅಡಿಕೆ ದಬ್ಬೆ ಹಾಸಿ ಅದರ ಮೇಲೆಯೇ ಕೊಟ್ಟಿಗೆಗೆ ಹೋಗಿ ಬರುತ್ತಾರೆ. ಪೇಟೆಯವರು ಬ್ಲೀಚಿಂಗ್ ಪುಡಿ ಚೆಲ್ಲಿ ಉಜ್ಜುತ್ತಾರೆ. ತೋಟದ ಹಳ್ಳಕ್ಕೆ ಅಡ್ಡ ಹಾಕಿದ ಸಂಕ ದಾಟುವಾಗ ಹೆಬ್ಬೆರಳು ಊರಿ ನಡೆಯುವ ವಿದ್ಯೆಯನ್ನು ಯಾವ ಶಾಲೆಯಲ್ಲೂ ಹೇಳಿಕೊಡುವುದಿಲ್ಲ, ಆದರೂ ಎಲ್ಲರಿಗೂ ಬರುತ್ತದೆ. ಹೀಗೆ ತಲೆತಲಾಂತರದಿಂದ ಜಾರದೇ ಇರುವುದನ್ನೇ ಅಭ್ಯಾಸ ಮಾಡಿಕೊಂಡು ಬಂದ ಸೀಮೆಯಲ್ಲಿ, ಈಗ ಮಕ್ಕಳ ಕಾಲಿಗೆ ಚಕ್ರ ಕಟ್ಟಿ ಜಾರಿಸುವ ಕ್ಲಾಸುಗಳು ನಡೆಯುತ್ತಿವೆ.

ಮಗಳನ್ನು ಸ್ಕೇಟಿಂಗ್‌ಗೆ ಸೇರಿಸಿದ್ದೇವೆ ಅಂದಾಗ ತೀರ್ಥಹಳ್ಳಿ ಕಡೆಯಿಂದ ಬಂದಿದ್ದ ಅಮ್ಮ ಕಾಫಿ ಲೋಟ ಕೆಳಗಿಟ್ಟು ಕೇಳಿದಳು: "ಜಾರೋದಕ್ಕೂ ಫೀಸು ಕೊಡ್ತೀರ? ನಮ್ಮನೆ ಅಂಗಳಕ್ಕೆ ಕಳ್ಸಿದ್ರೆ ಪುಕ್ಕಟೆ ಜಾರ್ತಿದ್ಲಲ್ಲ ಮಾರಾಯ!" ಉತ್ತರ ಕೊಡುವ ಬದಲು ಅಮ್ಮನನ್ನೇ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದೆ.

ವಿನೋಬನಗರದ ಒಂದು ಕಾಂಕ್ರೀಟ್ ಅಂಗಳ. ಸಂಜೆ ಐದಕ್ಕೆ ಮಕ್ಕಳು ತಮಗಿಂತ ಅಗಲವಾದ ಚೀಲ ಹೊತ್ತು ಇಳಿಯುತ್ತಾರೆ. ಹೆಲ್ಮೆಟ್ಟು, ಮಂಡಿಗೆ ಪ್ಯಾಡು, ಮೊಣಕೈಗೆ ಪ್ಯಾಡು, ಮಣಿಕಟ್ಟಿಗೆ ಗಾರ್ಡು ಒಂದೊಂದಾಗಿ ಹೊರಬರುತ್ತವೆ. ಕಟ್ಟುವ ಕೆಲಸ ಅಪ್ಪ-ಅಮ್ಮಂದಿರದು, "ಅದು ಮೊಣಕೈದಪ್ಪ, ಮಂಡೀದಲ್ಲ" ಎಂದು ತಿದ್ದುವ ಕೆಲಸ ಮಕ್ಕಳದು. ಚಿಕ್ಕವರಿಗೆ ಕ್ವಾಡ್: ಮುಂದೆರಡು, ಹಿಂದೆರಡು ಚಕ್ರ, ತುದಿಯಲ್ಲಿ ರಬ್ಬರಿನ ಬ್ರೇಕು. ದೊಡ್ಡವರಿಗೆ ನಾಲ್ಕೂ ಚಕ್ರ ಒಂದೇ ಸಾಲಿನಲ್ಲಿರುವ ಇನ್‌ಲೈನ್. ಸೇರಿದ ದಿನದಿಂದಲೇ ಎಲ್ಲ ಮಕ್ಕಳ ಕಣ್ಣೂ ಆ ಇನ್‌ಲೈನ್ ಮೇಲೆ. ಕೋಚ್ ಸರ್ ಮಾತ್ರ, "ಮೊದ್ಲು ನಾಲ್ಕು ಮೂಲೆ ಮೇಲೆ ನಿಲ್ಲು, ಆಮೇಲೆ ಒಂದು ಗೆರೆ ಮೇಲೆ ನಿಲ್ಲಾಣ" ಅನ್ನುತ್ತಾರೆ.

ಮೊದಲ ಪಾಠ ಬೀಳುವುದು. ಅಮ್ಮನಿಗೆ ಇದನ್ನು ನಂಬಲಾಗಲಿಲ್ಲ. ಸಾಲಾಗಿ ನಿಂತ ಮಕ್ಕಳಿಗೆ ಕೋಚ್ ಹೇಳುವುದೇ ಹೀಗೆ: "ಮಂಡಿ ಬಗ್ಸಿ. ಇನ್ನೂ ಬಗ್ಸಿ. ಹಾಂ, ಈಗ ಮುಂದಕ್ಕೆ ಬೀಳಿ!" ಟಪಟಪನೆ ಅಷ್ಟೂ ಮಂಡಿಪ್ಯಾಡುಗಳು ಕಾಂಕ್ರೀಟಿಗೆ ಬಡಿಯುತ್ತವೆ. ಹಿಂದಕ್ಕೆ ಬಿದ್ದರೆ ಬೆನ್ನಿಗೆ, ತಲೆಗೆ ಪೆಟ್ಟು; ಮುಂದಕ್ಕೆ ಬಿದ್ದರೆ ಪ್ಯಾಡು ನೋಡಿಕೊಳ್ಳುತ್ತದೆ. ಆಮೇಲೆ ಏಳುವ ಪಾಠ. ಒಂದು ಮಂಡಿ ಎತ್ತಿ, ಅದರ ಮೇಲೆ ಎರಡೂ ಕೈಯೂರಿ, ಹಿಮ್ಮಡಿ ಕೂಡಿಸಿ ಬೆರಳುಗಳನ್ನು ಹೊರಕ್ಕೆ ತೆರೆದು ಏಳಬೇಕು. ಪಾದ ಎರಡೂ ಸಮ ನೇರವಾಗಿದ್ದರೆ ಏಳುವಷ್ಟರಲ್ಲಿ ಚಕ್ರ ಹೊರಟೇಬಿಟ್ಟಿರುತ್ತದೆ. ಹಾಗೆ ಪಾದ ತೆರೆದುಕೊಂಡೇ ಪುಟ್ಟ ಪುಟ್ಟ ಹೆಜ್ಜೆ ಇಡುವುದಕ್ಕೆ ಇಲ್ಲಿ ಬಾತುಕೋಳಿ ನಡಿಗೆ ಅಂತ ಹೆಸರು. ಈ ನಡಿಗೆಯಲ್ಲೇ ಎಲ್ಲೋ ಒಂದು ಹೆಜ್ಜೆ ಮರೆತುಹೋಗಿ ಚಕ್ರ ತಾನಾಗಿ ಉರುಳುತ್ತದೆ. ಆ ಗಳಿಗೆಯಲ್ಲಿ ಮಗುವಿನ ಮುಖ ನೋಡಬೇಕು: ಖುಷಿಗಿಂತ ಅನುಮಾನವೇ ಹೆಚ್ಚು.

ಗುಂಪಿನಲ್ಲಿ ಬೀಳುವುದಕ್ಕೆ ಬೆಲೆಯಿಲ್ಲ, ನನಗೆ ಈ ಕ್ಲಾಸಿನಲ್ಲಿ ತುಂಬ ಹಿಡಿಸಿದ್ದು ಇದೇ. ಮನೆಯಲ್ಲಿ ಮಗು ಬಿದ್ದರೆ ಮೂರು ಜನ ಓಡಿಬರುತ್ತೇವೆ. "ಅಯ್ಯೋ, ಏನಾಯ್ತೇ?" ಎಂದು ಕೇಳಿದ ಮೇಲೆಯೇ ಅಳು ಶುರುವಾಗುವುದು. ಇಲ್ಲಿ ಬಿದ್ದ ಮಗು ಅತ್ತಿತ್ತ ನೋಡುತ್ತದೆ. ಎಡಗಡೆ ಒಬ್ಬಳು ಬಿದ್ದಿದ್ದಾಳೆ, ಬಲಗಡೆ ಇನ್ನೊಬ್ಬ ಅರ್ಧ ಎದ್ದು ಮತ್ತೆ ಬೀಳುತ್ತಿದ್ದಾನೆ. ಅತ್ತರೆ ಕೇಳುವವರು ಯಾರೂ ಇಲ್ಲ, ಸರಿ, ಎದ್ದುಬಿಡುತ್ತದೆ. ಪೋಷಕರ ಕುರ್ಚಿಗಳಿಗೂ ಅಂಗಳಕ್ಕೂ ನಡುವೆ ಕೋಚ್ ಒಂದು ಹಗ್ಗ ಕಟ್ಟಿದ್ದಾರೆ. ಅದು ಮಕ್ಕಳನ್ನು ತಡೆಯುವ ಹಗ್ಗ ಎಂದು ಮೊದಲು ಎಲ್ಲರೂ ತಿಳಿಯುತ್ತಾರೆ.

ಕೋಚ್ ಹೇಳಿದ್ದಕ್ಕಿಂತ ಪಕ್ಕದ ಮಗು ಹೇಳಿದ್ದು ಬೇಗ ತಲೆಗೆ ಹೋಗುತ್ತದೆ ಅನ್ನುವುದೂ ಇಲ್ಲಿ ಕಂಡಿದ್ದು. "ಕೆಳಗೆ ನೋಡ್ಬೇಡ, ಮುಂದೆ ನೋಡು" ಎಂದು ಸರ್ ಗಂಟಲು ಹರಿದುಕೊಂಡರೂ ನನ್ನ ಮಗಳು ತನ್ನ ಶೂ ಬಿಟ್ಟು ಕಣ್ಣೆತ್ತಿರಲಿಲ್ಲ. ಒಂದು ಸಂಜೆ ಹಲ್ಲು ಬಿದ್ದ ಪುಟಾಣಿ ಹುಡುಗನೊಬ್ಬ ಅವಳ ಮುಂದೆ ಬಂದು ನಿಂತು, "ಕಾಲು ನೋಡಿದ್ರೆ ಬೀಳ್ತೀಯ ಕಣೇ, ನನ್ ಬೆನ್ನು ನೋಡ್ಕಂಡ್ ಬಾ" ಅಂದ. ಅವನ ಟೀ ಶರ್ಟಿನ ಬೆನ್ನ ಮೇಲೆ ಹುಲಿಯ ಚಿತ್ರ. ಹುಲಿಯನ್ನೇ ನೋಡುತ್ತ ಒಂದು ಸುತ್ತು ಬಂದಳು.

ಹಗ್ಗದ ಈಚೆ ನಮ್ಮದೇ ಬೇರೆ ಲೋಕ. ಒಬ್ಬ ಅಪ್ಪನಿಗೆ ಎಲ್ಲ ಲೆಕ್ಕವೂ ಬಾಯಿಪಾಠ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್ ನಡೆದಾಗ ಅಕ್ಟೋಬರ್ 2ರಂದು ಮೂರು ಸಾವಿರ ಮೀಟರ್ ಸ್ಕೇಟಿಂಗ್ ರಿಲೇಯಲ್ಲಿ ನಮ್ಮ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಕಂಚು ಬಂತು. 2025ರಲ್ಲಿ ತಮಿಳುನಾಡಿನ ಆನಂದಕುಮಾರ್ ವೇಲ್‌ಕುಮಾರ್ ಚೀನಾದಲ್ಲಿ ಸಾವಿರ ಮೀಟರ್ ಓಟ ಗೆದ್ದು ವಿಶ್ವ ಚಾಂಪಿಯನ್ ಆದ. "ನಮ್ಮ ಮಕ್ಳು ಎಂತ ಕಮ್ಮಿ?" ಅನ್ನುತ್ತಾರೆ. ಪಕ್ಕದವರು ಮೆಲ್ಲಗೆ, "ಒಲಿಂಪಿಕ್ಸಲ್ಲಿ ಇಲ್ವಲ್ಲ ಸರ್ ಇದು?" ಎಂದು ಮುಳ್ಳು ಚುಚ್ಚಿದರು. ಇಲ್ಲ, ನಿಜ. ಸ್ಕೇಟ್‌ಬೋರ್ಡಿಗೆ ಟೋಕಿಯೊದಲ್ಲಿ ಬಾಗಿಲು ತೆರೆಯಿತು, ಚಕ್ರದ ಶೂಗೆ ತೆರೆದಿಲ್ಲ. 1992ರ ಬಾರ್ಸಿಲೋನಾದಲ್ಲಿ ರೋಲರ್ ಹಾಕಿ ಪ್ರದರ್ಶನಕ್ಕೆಂದು ಬಂದು ಹೋಗಿತ್ತು, ಅಷ್ಟೇ. ಈ ಚರ್ಚೆ ನಡೆಯುತ್ತಿದ್ದಾಗ ಭಾವೀ ಚಾಂಪಿಯನ್ನು ಸಾಲು ಬಿಟ್ಟು ಅಂಗಳದ ನಡುವೆ ಅಂಗಾತ ಮಲಗಿ, ಕಾಲು ಮೇಲೆತ್ತಿ, ಬೆರಳಿನಿಂದ ಚಕ್ರ ತಿರುಗಿಸುತ್ತ ಅದರ ಸದ್ದು ಕೇಳುತ್ತಿದ್ದ.

ನಿಲ್ಲಿಸುವ ಪಾಠ ಎರಡನೇ ವಾರ. ಒಂದು ಪಾದದ ಹಿಂದೆ ಇನ್ನೊಂದನ್ನು ಅಡ್ಡ ಇಟ್ಟು ಎಳೆಯುವ ಟಿ-ಸ್ಟಾಪು. ಈ ಪಾಠ ಸಿಗದೆ ಕೆಟ್ಟವನೊಬ್ಬನ ಕಥೆಯನ್ನು ಕೋಚ್ ಮಕ್ಕಳಿಗೆ ಹೇಳುತ್ತಾರೆ. 1760ರ ದಶಕದ ಲಂಡನ್ನಿನಲ್ಲಿ ಮರ್ಲಿನ್ ಅಂತ ಬೆಲ್ಜಿಯಂ ಮೂಲದ ಕುಶಲಕರ್ಮಿ ಇದ್ದ. ಶೂಗೆ ಚಕ್ರ ಹಚ್ಚಿಕೊಂಡು, ಪಿಟೀಲು ಬಾರಿಸುತ್ತ, ದೊಡ್ಡವರ ಔತಣಕೂಟಕ್ಕೆ ನುಗ್ಗಿದನಂತೆ. ತಿರುಗಲೂ ಬರದು, ನಿಲ್ಲಲೂ ಬರದು; ನೇರ ಹೋಗಿ ಭಾರೀ ಬೆಲೆಯ ನಿಲುವುಗನ್ನಡಿಗೆ ಗುದ್ದಿದ. ಕನ್ನಡಿ ಚೂರು, ಪಿಟೀಲು ಚೂರು. ತಿರುಗುವ ಉಪಾಯಕ್ಕೆ ನೂರು ವರ್ಷ ಕಾಯಬೇಕಾಯಿತು. 1863ರಲ್ಲಿ ಅಮೆರಿಕದ ಜೇಮ್ಸ್ ಪ್ಲಿಂಪ್ಟನ್ ಅಟ್ಟೆಗೂ ಅಚ್ಚಿಗೂ ನಡುವೆ ರಬ್ಬರಿನ ಮೆತ್ತೆ ಕೂರಿಸಿದ. ಅಲ್ಲಿಂದಾಚೆ ಮೈ ವಾಲಿದ ಕಡೆಗೆ ಚಕ್ರ ತಿರುಗತೊಡಗಿತು. ಕೋಚ್ ಸರ್ "ವಾಲು, ವಾಲು" ಎಂದು ಕೂಗುವುದೆಲ್ಲ ಆ ರಬ್ಬರನ್ನು ನಂಬಿಯೇ. ಅಮ್ಮ ಮಾತ್ರ ತಲೆಯಾಡಿಸಿದಳು. ಸಂಕದ ಮೇಲೆ ವಾಲಿದವರು ಎಲ್ಲಿಗೆ ಹೋಗುತ್ತಾರೆಂದು ಅವಳಿಗೆ ಗೊತ್ತು.

ಜೂನ್ ಬಂತು, ಅಂಗಳಕ್ಕೆ ಹಸಿರು ಹತ್ತಿತು. ಆಷಾಢದಲ್ಲಿ ಮದುವೆ ಇಲ್ಲ, ಕಲ್ಯಾಣಮಂಟಪದ ಊಟದ ಹಾಲು ಖಾಲಿ. ಕೋಚ್ ಅದನ್ನೇ ಗೊತ್ತು ಮಾಡಿದರು. ನುಣುಪು ಗ್ರಾನೈಟು. ನೇರ ಹೋಗುವಾಗ ಸ್ವರ್ಗ, ತಿರುವಿನಲ್ಲಿ ಚಕ್ರಕ್ಕೆ ಹಿಡಿತವೇ ಇಲ್ಲ. ಒಂದು ದಿನ ನಾವು ಹೋದಾಗ ಯಾರದೋ ಸಮಾರಾಧನೆಯ ಕೊನೇ ಪಂಕ್ತಿ ಇನ್ನೂ ಎದ್ದಿರಲಿಲ್ಲ. ಮಕ್ಕಳು ಪ್ಯಾಡು ಕಟ್ಟಿಕೊಂಡು ಬಾಗಿಲಲ್ಲಿ ಕಾದರು. ಒಳಗೆ ಬಡಿಸುವವರೊಬ್ಬರು ಬರಿಗಾಲಲ್ಲಿ, ಒದ್ದೆ ಕಲ್ಲಿನ ಮೇಲೆ, ಎಡಗೈಯಲ್ಲಿ ಸಾರಿನ ಬಕೆಟ್ಟು ಬಲಗೈಯಲ್ಲಿ ಸೌಟು ಹಿಡಿದು ಸಾಲಿನ ನಡುವೆ ಹೆಚ್ಚುಕಡಿಮೆ ಓಡುತ್ತಿದ್ದರು. ಮಂಡಿ ತುಸು ಬಗ್ಗಿದೆ, ಎದೆ ಮುಂದಕ್ಕಿದೆ. ಕಣ್ಣು ತನ್ನ ಕಾಲ ಮೇಲಿಲ್ಲ, ನಾಲ್ಕು ಎಲೆ ಆಚೆ ಯಾರ ಅನ್ನ ಕಾಯುತ್ತಿದೆ ಎಂಬುದರ ಮೇಲಿದೆ. ಸಾಲಿನ ತುದಿಯಲ್ಲಿ ಮೈ ಒಳಕ್ಕೆ ವಾಲಿತು, ಬಕೆಟ್ಟು ಮಾತ್ರ ನೆಟ್ಟಗೆ ತೂಗಿತು. ಒಂದು ಹನಿ ಸಾರು ಚೆಲ್ಲಲಿಲ್ಲ. "ನೋಡ್ರೋ, ಅವ್ರ ಮಂಡಿ ನೋಡಿ!" ಎಂದು ಕೋಚ್ ಪಿಸುಗುಟ್ಟಿದರು. ಹೆಲ್ಮೆಟ್ಟು ಹಾಕಿದ ಅಷ್ಟು ತಲೆಗಳು ತನ್ನನ್ನೇ ದಿಟ್ಟಿಸುವುದನ್ನು ಕಂಡು ಆ ಮನುಷ್ಯ ನಿಂತು, "ಹಸಿವಾಯ್ತಾ ಮಕ್ಳೆ? ಪಾಯಸ ಇದೆ, ಕೂತ್ಕಳಿ" ಅಂದರು. ಆ ದಿನ ಕ್ಲಾಸು ತಡವಾಗಿ ಶುರುವಾಯಿತು.

ಮಳೆಗಾಲದಲ್ಲಿ ಇನ್ನೊಂದು ತಾಪತ್ರಯ ಬೇರಿಂಗಿನದು. ಒಂದು ಚಕ್ರಕ್ಕೆ ಎರಡರಂತೆ ಒಂದು ಜೊತೆಗೆ ಹದಿನಾರು, ಒಂದೊಂದೂ 22 ಮಿಲಿಮೀಟರ್ ವ್ಯಾಸ. ಕೆಲವು ವರ್ಷದ ಹಿಂದೆ ಮಕ್ಕಳ ಕೈಯಲ್ಲೆಲ್ಲ ತಿರುಗುತ್ತಿದ್ದ ಸ್ಪಿನ್ನರಿನ ಹೊಟ್ಟೆಯಲ್ಲಿದ್ದದ್ದೂ ಸಾಮಾನ್ಯವಾಗಿ ಇದೇ. ನೀರು ಹೊಕ್ಕರೆ ಗ್ರೀಸು ತೊಳೆದುಹೋಗಿ, ತುಕ್ಕು ಹಿಡಿದು, ಕರಕರ ಶುರು. ಅಮ್ಮ ಒದ್ದೆ ಸ್ಕೇಟನ್ನು ಊರಿಗೆ ಒಯ್ದು, ಬಚ್ಚಲ ಒಲೆಯ ಮೇಲಿನ ಹಗ್ಗಕ್ಕೆ ಕಂಬಳಿಯ ಪಕ್ಕ ನೇತುಹಾಕಿ ಒಣಗಿಸಿ ಕಳಿಸಿದಳು. ಆಮೇಲೆ ಆ ಶೂ ಎಲ್ಲಿ ಉರುಳಿದರೂ ಹೊಗೆ ವಾಸನೆ. ನಮ್ಮ ಕಾಲದಲ್ಲಿ ಗ್ಯಾರೇಜಿನಲ್ಲಿ ಬೇಡಿ ತಂದ ಹಳೇ ಬೇರಿಂಗನ್ನು ಹಲಗೆಗೆ ಬಡಿದು, ಇಳಿಜಾರಿನಲ್ಲಿ ಗಡಗಡ ಬಿಡುತ್ತಿದ್ದೆವು. ಬ್ರೇಕು ಅಂದರೆ ನಮ್ಮ ಹಿಮ್ಮಡಿ. ಬೇರಿಂಗೂ ಇಲ್ಲದಿದ್ದರೆ ಅಡಿಕೆ ಹಾಳೆ ಇತ್ತಲ್ಲ, ಒಬ್ಬ ಕೂರುವುದು, ಇಬ್ಬರು ಎಳೆಯುವುದು.

ಶ್ರಾವಣಕ್ಕೆ ಮಂಟಪ ಬುಕ್ಕಾಯಿತು. ವಾಟ್ಸಾಪ್ ಗ್ರೂಪಿಗೆ ಸಂದೇಶ ಬಂತು: ಭಾನುವಾರ ಬೆಳಿಗ್ಗೆ ಏಳಕ್ಕೆ ಅಂಗಳದ ಪಾಚಿ ತೆಗೆಯುವುದು, ಪೋಷಕರು ಪೊರಕೆ ತರಬೇಕು. "ಪ್ಲಾಸ್ಟಿಕ್ಕಿಂದು ಬೇಡ, ಹಿಡಿಕಡ್ಡಿ ತಗೊಂಡ್ಹೋಗು" ಎಂದು ಅಮ್ಮ ಫೋನಿನಲ್ಲೇ ಹೇಳಿದಳು. ಹೋದೆವು. ಮಕ್ಕಳನ್ನು ಕುರ್ಚಿಯಲ್ಲಿ ಕೂರಿಸಿ, ಹಗ್ಗ ದಾಟಿ ನಾವು ಅಂಗಳಕ್ಕೆ ಇಳಿದೆವು. ಬ್ಲೀಚಿಂಗ್ ಪುಡಿ ಬಿತ್ತು, ನೀರು ಬಿತ್ತು, ಐದು ನಿಮಿಷವೂ ಆಗಿರಲಿಲ್ಲ, ಏಷ್ಯನ್ ಗೇಮ್ಸ್ ಅಪ್ಪನ ಎರಡೂ ಕಾಲು ಒಟ್ಟಿಗೆ ಮುಂದಕ್ಕೆ ಹೊರಟವು. ಹಗ್ಗದ ಆಚೆಯಿಂದ ಇಡೀ ಬ್ಯಾಚು ಒಂದೇ ದನಿಯಲ್ಲಿ ಕೂಗಿತು: "ಮಂಡಿ ಬಗ್ಸಿ ಅಂಕಲ್, ಮುಂದಕ್ಕೆ ಬೀಳಿ!"

ಅವರು ಹಿಂದಕ್ಕೇ ಬಿದ್ದರು.