ಆಮೆನ್ ಅನ್ನುವ ಮೊದಲು

ರವಿವಾರ ಮಧ್ಯಾಹ್ನ ಧಾರವಾಡದ ನಮ್ಮ ಮನೆಯಲ್ಲಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಕೋಳಿ ಸಾರು ಎಲ್ಲವೂ ಮುಂದೆ ಬಂದ ಮೇಲೂ ಯಾರೂ ತಾಟಿಗೆ ಕೈ ಹಾಕುವುದಿಲ್ಲ. ಮನೆಯ ಹಿರಿಯರು ಕಣ್ಣು ಮುಚ್ಚಿ ಪ್ರಾರ್ಥಿಸಿ ಆಮೆನ್ ಎಂದ ನಂತರವೇ ಮೊದಲ ತುತ್ತು. ಊಟದ ಪ್ರಾರ್ಥನೆಯೆಂದರೆ ಅನ್ನ ಕೊಟ್ಟವನಿಗೆ ಸಲ್ಲಿಸುವ ಎರಡು ಮಾತಿನ ಕೃತಜ್ಞತೆ ಎಂದು ಹೊರಗಿನವರು ತಿಳಿದಿರಬಹುದು. ಸ್ವಿಟ್ಜರ್ಲೆಂಡಿನಿಂದ ಬಂದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನ ಪರಂಪರೆಯ ನಮ್ಮಂಥ ಮನೆಗಳಲ್ಲಿ ಅದು ಅಷ್ಟು ಸಲೀಸಾಗಿ ಮುಗಿಯುವುದಿಲ್ಲ. 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಗದಗಿನ ಬೆಟಗೇರಿಗೆ ಬಂದು ನೆಲೆನಿಂತ ಆ ಮಿಷನರಿಗಳು ದೇವರೊಡನೆ ಸ್ವಂತ ಮಾತಿನಲ್ಲಿ ಮಾತಾಡುವುದನ್ನು ನಮ್ಮ ಹಿರಿಯರಿಗೆ ರೂಢಿ ಮಾಡಿಸಿದರು. ಸ್ವಂತ ಮಾತು ಎಂದ ಮೇಲೆ ಅದಕ್ಕೆ ಲಗಾಮು ಹಾಕುವವರು ಯಾರು? ನನ್ನ ಅಪ್ಪ ಶಾಲಾ ಮಾಸ್ತರರಾಗಿದ್ದವರು. ಅವರ ಪ್ರಾರ್ಥನೆ ದೇಶದ ಅಧಿಕಾರಿಗಳಿಂದ ಹೊರಟು, ಮಳೆ ಬೆಳೆ, ಸಭೆಯ ರೋಗಿಗಳು, ಪರೀಕ್ಷೆಗೆ ಕೂತ ಮಕ್ಕಳು ಎಲ್ಲರನ್ನೂ ಮಾತಾಡಿಸಿಕೊಂಡು ನಮ್ಮ ತಾಟಿನ ಹತ್ತಿರ ಬರುವಷ್ಟರಲ್ಲಿ ಅವ್ವ ಸಣ್ಣಗೆ ಕೆಮ್ಮುತ್ತಿದ್ದಳು. ರೊಟ್ಟಿ ಆರುತ್ತಿದೆ ಎಂಬುದಕ್ಕೆ ಅದೇ ಸೂಚನೆ.

ಒಮ್ಮೆ ಪಕ್ಕದ ಮನೆಯ ಲಿಂಗಾಯತ ಹಿರಿಯರೊಬ್ಬರು ನಮ್ಮಲ್ಲಿ ಊಟಕ್ಕೆ ಕೂತಿದ್ದರು. ಅಪ್ಪನ ಪ್ರಾರ್ಥನೆ ಮುಗಿಯುವವರೆಗೆ ಅವರು ಬಹಳ ಮರ್ಯಾದೆಯಿಂದ ತಲೆ ಬಾಗಿಸಿದ್ದು, ಕಡೆಗೆ ಕಣ್ಣು ತೆರೆದು, "ಮಾಸ್ತರ್ರ, ನಾವೂ ಉಣ್ಣೂಕಿಂತ ಮೊದಲ ಶಿವಾ ಅಂತೀವ್ರಿ. ಒಂದ ಮಾತಿನ್ಯಾಗ ಮುಗೀತೈತಿ," ಎಂದರು. ಎಲ್ಲರಿಗಿಂತ ಜೋರಾಗಿ ನಕ್ಕವರು ಅಪ್ಪನೇ. ಮುಂದೆ 2022ರಲ್ಲಿ ಮತಾಂತರದ ಕಾಯ್ದೆ ಬಂದು ಊರೆಲ್ಲ ಅದೇ ಮಾತಾದಾಗ, ಅತಿಥಿಗಳ ಎದುರು ಪ್ರಾರ್ಥಿಸುವಾಗ ನನ್ನ ದನಿ ತಾನಾಗಿಯೇ ಒಂದು ಸುತ್ತು ತಗ್ಗಿತು. ಆ ಹಿರಿಯರು ಬದುಕಿದ್ದರೆ ಅದಕ್ಕೂ ಏನಾದರೊಂದು ಅನ್ನುತ್ತಿದ್ದರು.

ಆದರೆ ಅಪ್ಪನ ಪ್ರಾರ್ಥನೆಯ ಉದ್ದ ನನ್ನನ್ನು ಅಷ್ಟಾಗಿ ಕಾಡಿಲ್ಲ. ಅದರೊಳಗೆ ನುಸುಳಿಕೊಳ್ಳುತ್ತಿದ್ದ ಒಂದೆರಡು ವಾಕ್ಯಗಳು ಇಂದಿಗೂ ಕಾಡುತ್ತವೆ. 1993ರಲ್ಲಿ ನನ್ನ ತಂಗಿ ಗಂಡನ ಮನೆ ಬಿಟ್ಟು ತವರಿಗೆ ಬಂದಳು. ಅಪ್ಪ ಅವಳನ್ನು ಬೈಯಲಿಲ್ಲ, ಏನಾಯಿತೆಂದು ಕೇಳಲೂ ಇಲ್ಲ. ಪ್ರತಿ ಊಟಕ್ಕೂ ಮೊದಲು, "ಕರ್ತನೇ, ಮುರಿದ ಮನೆಗಳನ್ನು ಕೂಡಿಸು, ಹಟವಿದ್ದಲ್ಲಿ ತಾಳ್ಮೆಯನ್ನು ಕೊಡು," ಎಂದು ಬೇಡುತ್ತಿದ್ದರು. ನಾನು ಒಂದು ಕಣ್ಣು ತೆರೆದು ನೋಡಿದರೆ, ತಂಗಿ ತಾಟಿನ ಅಂಚನ್ನು ಹೆಬ್ಬೆರಳ ಉಗುರು ಬೆಳ್ಳಗಾಗುವಷ್ಟು ಒತ್ತಿ ಹಿಡಿದಿರುತ್ತಿದ್ದಳು. ದೇವರಿಗೆ ಹೇಳಿದ ಮಾತಿಗೆ ಮಗಳು ಹೇಗೆ ಎದುರುತ್ತರ ಕೊಟ್ಟಾಳು?

ಹಟ ಯಾರದಾಗಿತ್ತು ಎಂಬುದನ್ನು ಆಗಿನ ಕಾನೂನಿಗೂ ಕೇಳಬೇಕಿತ್ತು. ಕ್ರೈಸ್ತರಾದ ನಮಗೆಲ್ಲ ಅನ್ವಯಿಸುತ್ತಿದ್ದುದು 1869ರ ವಿಚ್ಛೇದನ ಕಾಯ್ದೆ. ಅದರ ಪ್ರಕಾರ ಗಂಡನಾದವನು ಹೆಂಡತಿಯ ವ್ಯಭಿಚಾರವೊಂದನ್ನೇ ತೋರಿಸಿದರೆ ಸಾಕಿತ್ತು. ಹೆಂಡತಿಯಾದವಳು ಸಾಮಾನ್ಯವಾಗಿ ಗಂಡನ ವ್ಯಭಿಚಾರದ ಜೊತೆಗೆ ಅವನ ಕ್ರೌರ್ಯವನ್ನೋ, ಎರಡು ವರ್ಷ ತನ್ನನ್ನು ತೊರೆದಿದ್ದನ್ನೋ ಸಾಬೀತುಪಡಿಸಬೇಕಿತ್ತು. ಬರೀ ಹೊಡೆತ ತಿಂದವಳಿಗೆ ಅದರಲ್ಲಿ ಬಿಡುಗಡೆ ಇರಲಿಲ್ಲ, ಇಬ್ಬರೂ ಒಪ್ಪಿ ಬೇರೆಯಾಗುವ ದಾರಿಯೂ ಇರಲಿಲ್ಲ. 2001ರ ತಿದ್ದುಪಡಿ ಗಂಡ ಹೆಂಡತಿಗೆ ಒಂದೇ ಅಳತೆಯ ಕಾರಣಗಳನ್ನು ಕೊಟ್ಟು, ಪರಸ್ಪರ ಒಪ್ಪಿಗೆಯ ವಿಚ್ಛೇದನವನ್ನೂ ಸೇರಿಸಿದ ಮೇಲೆ ತಂಗಿಯ ಪ್ರಕರಣ ಮುಗಿಯಿತು. ಅವಳು ಕೋರ್ಟಿನ ಕಾಗದ ತಂದ ದಿನ ಅಪ್ಪನ ಪ್ರಾರ್ಥನೆಯಲ್ಲಿ ಅನ್ನದ ವಿಷಯ ಬಿಟ್ಟರೆ ಬೇರೇನೂ ಇರಲಿಲ್ಲ. ಅವ್ವ ಕೆಮ್ಮುವ ಪ್ರಮೇಯವೇ ಬರಲಿಲ್ಲ.

ಅಪ್ಪನ ಈ ಒಂದು ಗುಣ ನನಗೆ ಬರಬಾರದೆಂದು ಅಂದುಕೊಂಡಿದ್ದೆ; ಅದೊಂದೇ ಚೆನ್ನಾಗಿ ಬಂದಿದೆ. ನನ್ನ ಮಗಳು ದಿನವೂ ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ ಹಿಡಿದು ಹುಬ್ಬಳ್ಳಿಯ ನವನಗರಕ್ಕೆ ಹೋಗಿ ಕಾನೂನು ಓದಿದವಳು. 2023ರ ಅಕ್ಟೋಬರ್ 17ರಂದು ಸಲಿಂಗ ಜೋಡಿಗಳ ಮದುವೆಗೆ ಮಾನ್ಯತೆ ಕೊಡಲು ಸುಪ್ರೀಂ ಕೋರ್ಟು ಒಪ್ಪದೆ, ಅದು ಶಾಸನಸಭೆಯ ಕೆಲಸವೆಂದು ಹೇಳಿದ ದಿನ ಅವಳು ಬಾಡಿದ ಮುಖದಿಂದ ಮನೆಗೆ ಬಂದಳು. 2018ರಲ್ಲಿ ಇದೇ ಕೋರ್ಟು ಇವರ ಬದುಕು ಅಪರಾಧವಲ್ಲ ಎಂದಿತ್ತು, ಹಾಗಿದ್ದ ಮೇಲೆ ಇದೆಂಥ ನ್ಯಾಯ ಎಂಬುದು ಅವಳ ವಾದ. ಮದುವೆಯೆಂಬುದು ಗಂಡು ಹೆಣ್ಣಿಗೆ ದೇವರು ಬೆಸೆದ ಗಂಟು ಎಂಬುದು ನಾನು ಚಿಕ್ಕಂದಿನಿಂದ ನಂಬಿಕೊಂಡು ಬಂದ ಮಾತು. ಅದನ್ನು ಅವಳೆದುರು ಹೇಳುವ ಧೈರ್ಯ ಸಾಲದೆ ಸುಮ್ಮನಿದ್ದವನು, ರಾತ್ರಿ ಊಟಕ್ಕೆ ಕೂತಾಗ ಕಣ್ಣು ಮುಚ್ಚಿ, "ತಂದೆಯೇ, ಈ ಕಾಲದ ಗೊಂದಲಗಳಲ್ಲಿ ನಮ್ಮ ಮಕ್ಕಳು ದಾರಿ ತಪ್ಪದಂತೆ ಕಾಯಿ," ಎಂದೆ.

ಆಮೆನ್ ಆಯಿತು. ಮಗಳು ರೊಟ್ಟಿ ಮುರಿಯಲಿಲ್ಲ.

"ಪಪ್ಪಾ, ಈಗ ಹೇಳಿದ್ದು ದೇವರಿಗೋ, ನನಗೋ? ನನಗ ಆಗಿದ್ರ ಕಣ್ಣ ತೆರದು ಹೇಳ್ರಿ. ನಾನೂ ಉತ್ತರಾ ಕೊಡತೀನಿ."

ಲೂಕನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ದೇವಾಲಯಕ್ಕೆ ಹೋದ ಫರಿಸಾಯನೊಬ್ಬ, ಅಂದರೆ ಧರ್ಮನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದಿ ಪಂಥದವನೊಬ್ಬ, ದೂರದಲ್ಲಿ ನಿಂತಿದ್ದ ಸುಂಕದವನನ್ನು ತೋರಿಸಿ, ತಾನು ಅವನಂಥವನಲ್ಲದ್ದಕ್ಕೆ ದೇವರಿಗೆ ಸ್ತೋತ್ರ ಸಲ್ಲಿಸುತ್ತಾನೆ. ಇದನ್ನು ಸಂಡೇ ಸ್ಕೂಲಿನ ಮಕ್ಕಳಿಗೆ ಎಷ್ಟೋ ಸಲ ಕಲಿಸಿದ್ದೇನೆ. ಆ ಫರಿಸಾಯ ಎದುರಿಗಿದ್ದವನೊಡನೆ ಒಂದು ಮಾತನ್ನೂ ಆಡದೆ, ದೇವರನ್ನು ನಡುವೆ ನಿಲ್ಲಿಸಿಕೊಂಡು ತೀರ್ಪು ಕೊಟ್ಟುಬಿಟ್ಟ ಎಂಬುದು ಮಾತ್ರ ಆ ರಾತ್ರಿಯ ತನಕ ನನಗೆ ಹೊಳೆದಿರಲಿಲ್ಲ.

ಅಂದಿನಿಂದ ವಾದಗಳು ಆಮೆನ್ ಆದ ಮೇಲೆ ನಡೆಯುತ್ತವೆ. ನನ್ನ ನಂಬಿಕೆ ಇದ್ದಲ್ಲೇ ಇದೆ, ಅವಳ ನಿಲುವೂ ಅಲ್ಲಾಡಿಲ್ಲ. ಅವಳು ವಾದಿಸುವುದು ಯಾರಿಗಾಗಿಯೋ ಆ ಗೆಳತಿ ಎರಡು ಸಲ ನಮ್ಮಲ್ಲಿ ಉಂಡು ಹೋಗಿದ್ದಾಳೆ, ಶೇಂಗಾ ಚಟ್ನಿಯ ಡಬ್ಬಿ ಕಟ್ಟಿಸಿಕೊಂಡೂ ಹೋಗಿದ್ದಾಳೆ. ಆಕೆಯ ಎದುರು ಪ್ರಾರ್ಥಿಸುವಾಗ ಒಂದೊಂದು ಮಾತನ್ನೂ ತೂಗಿ ಆಡುವ ನನ್ನ ಫಜೀತಿ ನೋಡಿ ಹೆಂಡತಿಗೆ ನಗು ತಡೆಯಲಾಗುವುದಿಲ್ಲ.

ಹೋದ ರವಿವಾರ ತಂಗಿಯೂ ಊಟಕ್ಕಿದ್ದಳು. ಎಂದಿನಂತೆ ನಾನು ಗಂಟಲು ಸರಿಮಾಡಿಕೊಳ್ಳುತ್ತಿದ್ದೆ. ಮಗಳು ನಡುವೆ ಬಾಯಿ ಹಾಕಿ, "ಇವತ್ತ ಅತ್ತಿ ಪ್ರಾರ್ಥನಾ ಮಾಡಲಿ," ಎಂದಳು. ತಂಗಿ ಈ ಮನೆಯಲ್ಲಿ ಊಟದ ಪ್ರಾರ್ಥನೆ ಮಾಡಿದ್ದನ್ನು ನಾನು ಕಂಡೇ ಇರಲಿಲ್ಲ. ನಾವು ಯಾರೂ ಅವಳನ್ನು ಕೇಳಿಯೂ ಇರಲಿಲ್ಲ. ಎಲ್ಲರೂ ಕಣ್ಣು ಮುಚ್ಚಿದೆವು. ಸ್ವಲ್ಪ ಹೊತ್ತು ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ಹಳೆಯ ಚಾಳಿಯಂತೆ ನಾನು ಒಂದು ಕಣ್ಣು ತೆರೆದೆ. ಅವಳ ಎರಡೂ ಕಣ್ಣುಗಳು ತೆರೆದೇ ಇದ್ದವು.

"ಕರ್ತನೇ, ರೊಟ್ಟಿ ಆರಾಕತ್ತಾವು. ಆಮೆನ್," ಎಂದು ಅವಳು ಎಣ್ಣೆಗಾಯಿಯ ಬೋಗುಣಿಯನ್ನು ತನ್ನ ಕಡೆಗೆ ಎಳೆದುಕೊಂಡಳು.