ಗೇಟು ಹಾಕಿದ್ದೀಯಾ?

ತಮ್ಮನ ಮಗಳು ಬರೆದ ಕಥೆಯೊಂದು ಪತ್ರಿಕೆಯಿಂದ ಹಿಂದಿರುಗಿ ಬಂತು. ಅವಳ ಕಥೆ ಹಿಂದಿರುಗುವುದು ಹೊಸದೇನಲ್ಲ. ಆದರೆ ಈ ಬಾರಿ ಜೊತೆಗೊಂದು ಟಿಪ್ಪಣಿಯಿತ್ತು. "ಕಥೆ ಚೆನ್ನಾಗಿದೆ. ದೊಡ್ಡಪ್ಪನ ಪಾತ್ರ ಮಾತ್ರ ತೀರ ಪೇಲವ. 'ಗೇಟು ಹಾಕಿದ್ದೀಯಾ?' ಎಂದು ಕೇಳುವುದರ ಹೊರತು ಆತ ಏನನ್ನೂ ಮಾಡುವುದಿಲ್ಲ, ಪಾತ್ರದಲ್ಲಿ ಬೆಳವಣಿಗೆಯೂ ಇಲ್ಲ." ಹುಡುಗಿ ಇದನ್ನು ನನಗೇ ಓದಿ ಹೇಳಿ, "ಬೇಜಾರು ಮಾಡ್ಕೋಬೇಡಿ ದೊಡ್ಡಪ್ಪ, ಅದು ನೀವಲ್ಲ" ಎಂದು ಸೇರಿಸಿದಳು. ಅದು ನಾನಿರಬಹುದೆಂದು ಆ ಕ್ಷಣದವರೆಗೆ ನನಗೆ ಹೊಳೆದಿರಲೇ ಇಲ್ಲ.

ಅಂದು ಸಂಜೆಯವರೆಗೆ ಆ ಮಾತನ್ನು ಎಷ್ಟು ಬಾರಿ ಆಡುತ್ತೇನೆಂದು ಎಣಿಸಿದೆ. ಏಳು ಬಾರಿ. ಎಣಿಸುತ್ತಿದ್ದೇನೆಂಬ ಎಚ್ಚರದಿಂದ ನುಂಗಿಕೊಂಡವು ಬೇರೆ ಎರಡು. ನನ್ನ ಮುಖವನ್ನೇ ಕಾಣದ ಸಂಪಾದಕರೊಬ್ಬರು, 32 ವರ್ಷ ಸರ್ಕಾರಿ ನೌಕರಿ ಮಾಡಿ ನಿವೃತ್ತನಾದವನನ್ನು ಒಂದೇ ವಾಕ್ಯದಲ್ಲಿ ಸರಿಯಾಗಿ ಓದಿಬಿಟ್ಟಿದ್ದರು. ತಪ್ಪಾಗಿ ಓದಿದ್ದರೆ ಕ್ಷಮಿಸಬಹುದಿತ್ತು.

ಚಿತ್ರದುರ್ಗದಲ್ಲಿ ಹುಟ್ಟಿದವನಿಗೆ ಪಾತ್ರವಾಗುವುದು ಸುಲಭವಲ್ಲ. ಒಳ್ಳೆಯ ಪಾತ್ರಗಳೆಲ್ಲ ಇಲ್ಲಿ ಮೊದಲೇ ಹಂಚಿಹೋಗಿವೆ. ಓಬವ್ವನ ಕಥೆಯನ್ನೇ ನೋಡಿ. ಬಂಡೆಯಲ್ಲೊಂದು ಕಿಂಡಿ, ಒಂದು ಕೊಡ, ಒಂದು ಒನಕೆ, ಹೊರಗೆ ಹೈದರಾಲಿಯ ಸೈನಿಕರು. ಕಥೆಗೆ ಬೇಡವಾದ ಒಂದು ಸಾಮಾನೂ ಅಲ್ಲಿಲ್ಲ. ಅದರಲ್ಲಿ ನನಗೆ ಪಾಲು ಸಿಕ್ಕಿದ್ದರೆ ಯಾವುದು ಸಿಗುತ್ತಿತ್ತೆಂಬುದನ್ನು ಬಲ್ಲೆ: ಕಾವಲು ಬಿಟ್ಟು ಬಂದು ಊಟಕ್ಕೆ ಕುಳಿತ ಗಂಡನದು. ಆದರೆ ನ್ಯಾಯವಾಗಿ ಯೋಚಿಸಿದರೆ ಆತನನ್ನೂ ನನಗಿಂತ ಚೆನ್ನಾಗಿ ಕಡೆದಿದ್ದಾರೆ. ಆತ ಉಣ್ಣಲು ಕೂರದಿದ್ದರೆ ನೀರು ಬೇಕಾಗುತ್ತಿರಲಿಲ್ಲ, ನೀರು ಬೇಕಾಗದಿದ್ದರೆ ಆಕೆ ಕೊಡ ಹಿಡಿದು ಕಿಂಡಿಯ ಕಡೆಗೆ ಹೋಗುತ್ತಿರಲಿಲ್ಲ. ನಾನೂ ನಲವತ್ತು ವರ್ಷಗಳಿಂದ ಮಧ್ಯಾಹ್ನ ಒಂದಕ್ಕೆ ತಪ್ಪದೆ ಊಟಕ್ಕೆ ಕುಳಿತಿದ್ದೇನೆ. ನನ್ನ ಊಟದಿಂದ ಇಲ್ಲಿಯವರೆಗೆ ಏನೂ ಸಂಭವಿಸಿಲ್ಲ. ಒಂದು ಮಾತನ್ನು ಮಾತ್ರ ಹೇಳದಿರಲಾರೆ: ಸಂಪಾದಕರು ಅಷ್ಟು ಹಗುರವಾಗಿ ಕಂಡ ನನ್ನ ಆ ಪ್ರಶ್ನೆಯನ್ನು ಅಂದು ಆ ಕಾವಲುಗಾರನಿಗೆ ಯಾರಾದರೂ ಕೇಳಿದ್ದರೆ ಒನಕೆಯ ಅಗತ್ಯವೇ ಬೀಳುತ್ತಿರಲಿಲ್ಲ.

ಇನ್ನು ರಾಮಾಚಾರಿ. ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ 'ನಾಗರಹಾವು' 1972ರಲ್ಲಿ ತೆರೆಗೆ ಬಂತು. ಅದರ ಚಿತ್ರೀಕರಣ ನಮ್ಮ ಕೋಟೆಯಲ್ಲಿ ನಡೆದಾಗ ನಾನು ನಾಲ್ಕನೆಯ ತರಗತಿಯಲ್ಲಿದ್ದೆ. ಶಾಲೆಗೆಂದು ಹೊರಟು ಕೋಟೆ ಹತ್ತಿದ ಹುಡುಗರಲ್ಲಿ ನಾನೂ ಒಬ್ಬ. ಯಾರೋ ದೂರದಿಂದ "ಏ, ಪಕ್ಕಕ್ಕೆ ಸರೀರೋ" ಎಂದು ಗದರಿದಾಗ ಉಳಿದವರೆಲ್ಲ ಚದುರಿ ಓಡಿದರು. ನಾನು ಬಂಡೆಯೊಂದರ ಹಿಂದೆ ಅವಿತುಕೊಂಡೆ, ಆದರೆ ಬಲಗೈಯ ಮೊಣಕೈ ಹೊರಗೇ ಉಳಿದಿತ್ತೆಂಬ ಗುಮಾನಿ ನನಗೆ ಆಗಲೇ ಇತ್ತು. ಚಿತ್ರ ಊರಿನ ಟಾಕೀಸಿಗೆ ಬಂದಾಗ ಅಪ್ಪನನ್ನು ಕಾಡಿ ಒಮ್ಮೆ, ಅಜ್ಜಿಯ ಕೈ ಹಿಡಿದು ಮತ್ತೊಮ್ಮೆ, ಅವ್ವ ಸಾಸಿವೆ ಡಬ್ಬಿಯಲ್ಲಿಟ್ಟಿದ್ದ ಚಿಲ್ಲರೆಯಿಂದ ಇನ್ನೆರಡು ಸಲ ನೋಡಿದೆ. ಇಡೀ ಊರು ರಾಮಾಚಾರಿಯ ಸಿಟ್ಟಿಗೂ ಚಾಮಯ್ಯ ಮೇಷ್ಟ್ರ ಅಂತಃಕರಣಕ್ಕೂ ಕಣ್ಣೊರೆಸಿಕೊಳ್ಳುತ್ತಿದ್ದಾಗ ನಾನು ಅವರ ಬೆನ್ನ ಹಿಂದಿನ ಬಂಡೆಗಳನ್ನು ಒಂದೊಂದಾಗಿ ತಪಾಸಣೆ ಮಾಡುತ್ತಿದ್ದೆ. ನಾಲ್ಕನೆಯ ಸಲ ಸಿಕ್ಕಿತು: ಕಣ್ಣು ಮಿಟುಕಿಸುವಷ್ಟು ಹೊತ್ತು, ಬಂಡೆಯೊಂದರ ಅಂಚಿನಲ್ಲಿ, ಕಂದು ಬಣ್ಣದ ಒಂದು ಮೂಲೆ. ಮನೆಗೆ ಬಂದು ಹೇಳಿದರೆ ತಮ್ಮ ಅದು ಮೇಕೆಯೆಂದ.

ಆ ವ್ಯಾಜ್ಯ ಇನ್ನೂ ತೀರಿಲ್ಲ. ಟಿವಿಯಲ್ಲಿ ಆ ಚಿತ್ರ ಬಂದಾಗಲೆಲ್ಲ ಅವನಿಂದ ಫೋನ್ ಬರುತ್ತದೆ: "ಅಣ್ಣ, ಮೇಕೆ ಬರೋ ಹೊತ್ತಾಯ್ತು." ತನ್ನ ಮದುವೆಯ ದಿನ ಬೀಗರಿಗೆ ನನ್ನನ್ನು ಪರಿಚಯಿಸುವಾಗಲೂ ಅವನು ಇದನ್ನೇ ಹೇಳಿದ, ಆ ಮನೆಯ ಹಿರಿಯರೊಬ್ಬರು ಇಂದಿಗೂ ನನಗೆ ಕುರಿ ಮೇಕೆಗಳ ವ್ಯಾಪಾರವಿದೆಯೆಂದು ತಿಳಿದಿದ್ದಾರೆ. ಕೊನೆಗೊಂದು ಯುಗಾದಿಯಂದು ಈ ಕಥೆಗಾರ್ತಿಯೇ ಮೊಬೈಲಿನಲ್ಲಿ ಆ ದೃಶ್ಯವನ್ನು ನಿಲ್ಲಿಸಿ, ಎರಡು ಬೆರಳುಗಳಿಂದ ಹಿಗ್ಗಿಸಿ ನಮ್ಮಿಬ್ಬರ ಮುಂದೆ ಹಿಡಿದಳು. ಹಿಗ್ಗಿಸಿದಷ್ಟೂ ಅದು ಮೊಣಕೈಯೂ ಆಗದೆ, ಮೇಕೆಯೂ ಆಗದೆ, ಚೌಕಚೌಕವಾಗಿ ಒಡೆದುಹೋಯಿತು. ತಾನೇ ಗೆದ್ದೆನೆಂದುಕೊಂಡು ಒಬ್ಬೊಬ್ಬನೂ ಹೋಳಿಗೆಗೆ ಎದ್ದ.

ಇಷ್ಟೆಲ್ಲವನ್ನೂ ಕಣ್ಣಾರೆ ಕಂಡ ಹುಡುಗಿ ನನ್ನ ಬಗ್ಗೆ ಬರೆಯಲು ಕುಳಿತಾಗ ಆರಿಸಿಕೊಂಡದ್ದು ಗೇಟನ್ನು. ನನ್ನ ದೂರು ಇರುವುದು ಇಲ್ಲಿಯೇ. ನಾನು ಪೇಲವನೋ, ನನ್ನನ್ನು ಬರೆದ ಕೈ ಪೇಲವವೋ ಎಂಬುದನ್ನು ತೀರ್ಮಾನಿಸದೆ ಟಿಪ್ಪಣಿಯನ್ನು ನನ್ನ ತಲೆಗೆ ಕಟ್ಟುವುದು ಯಾವ ನ್ಯಾಯ? ತಮ್ಮ ನಾಗರಹಾವನ್ನು ಸಿನಿಮಾದಲ್ಲಿ ಕೇರೆಹಾವು ಮಾಡಿದರೆಂದು ತ.ರಾ.ಸು. ಬೇಸರಪಟ್ಟರೆಂಬ ಮಾತನ್ನು ನಮ್ಮವರು ಈಗಲೂ ಹೇಳುತ್ತಾರೆ. ಬರೆದವರಿಗೆ ಹಾಗೆ ಬೇಸರಪಡುವ ಹಕ್ಕಿದೆ. ಬರೆಸಿಕೊಂಡವರು ಯಾವ ಕಚೇರಿಗೆ ಅರ್ಜಿ ಹಾಕಬೇಕು?

ಬೆಳವಣಿಗೆಯಿಲ್ಲವೆಂಬ ಆಕ್ಷೇಪವನ್ನಂತೂ ನಾನು ಸುತರಾಂ ಒಪ್ಪುವುದಿಲ್ಲ. ನಮ್ಮ ಸೀಮೆಯಲ್ಲಿ ಯಾವುದೂ ಅವಸರದಿಂದ ಆಗುವುದಿಲ್ಲ. ಹಿರಿಯೂರಿನ ಮಾರಿಕಣಿವೆ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷಗಳಲ್ಲಿ ಅದನ್ನು ಯಾರಾದರೂ ಸಂಪಾದಕರಿಗೆ ಕಳಿಸಿಕೊಟ್ಟಿದ್ದರೆ, "ಹಿನ್ನೀರಿನಲ್ಲಿ ಏನೂ ನಡೆಯುವುದಿಲ್ಲ" ಎಂದು ಬರೆದು ವಾಪಸ್ಸು ಕಳಿಸುತ್ತಿದ್ದರು. ನನಗಿನ್ನೂ 63.

ಕಳೆದ ವಾರ ಹುಡುಗಿ ಫೋನ್ ಮಾಡಿ ಕಥೆ ಸ್ವೀಕೃತವಾಯಿತೆಂದು ತಿಳಿಸಿದಳು. ಸಂತೋಷವೆಂದೆ. ಸ್ವಲ್ಪ ತಡೆದು, ದೊಡ್ಡಪ್ಪನ ಪಾತ್ರವನ್ನು ಏನು ಮಾಡಿದೆಯೆಂದು ಕೇಳಿದೆ. "ತೆಗೆದುಬಿಟ್ಟೆ ದೊಡ್ಡಪ್ಪ, ಕಥೆಗೆ ಏನೂ ವ್ಯತ್ಯಾಸ ಆಗ್ಲಿಲ್ಲ" ಎಂದಳು. ಆ ಮಾತೊಂದು ಚೆನ್ನಾಗಿದ್ದುದರಿಂದ ಅದನ್ನು ಎದುರುಮನೆಯ ಅಜ್ಜಿಯ ಬಾಯಿಗೆ ಹಾಕಿದ್ದಾಳಂತೆ.

ಆ ರಾತ್ರಿ ಮಲಗುವ ಮುನ್ನ ಹೆಂಡತಿ ಹೊರಗಿನಿಂದ ಬಂದಳು. ಕೇಳಲೆಂದು ಬಾಯಿ ತೆರೆದವನು, ಆ ಮಾತು ಈಗ ಬೇರೆಯವರದಾಗಿದೆಯೆಂದು ನೆನೆದು ದೀಪ ಆರಿಸಿದೆ. ಬೆಳಗ್ಗೆ ಎದ್ದು ನೋಡಿದರೆ ಗೇಟು ಹಾರುಹೊಡೆದಿತ್ತು, ದಾಸವಾಳದ ಗಿಡದಲ್ಲಿ ಕಡ್ಡಿಗಳಷ್ಟೇ ಉಳಿದಿದ್ದವು, ಮತ್ತು ಅಂಗಳದ ನಡುವೆ ನಿಂತು ನನ್ನನ್ನೇ ನೋಡುತ್ತಿದ್ದದ್ದು ಕಂದು ಬಣ್ಣದ ಮೇಕೆ. ತಮ್ಮನಿಗೆ ನಾನಿದನ್ನು ಇನ್ನೂ ತಿಳಿಸಿಲ್ಲ.